ಹಳೆಯ ಟೀವಿಗೆ ಬೆಲೆ ಕಟ್ಟುವವರಾರು?

ಕೆಟ್ಟುಹೋದ ಟೀವಿಯನ್ನು ಕೊಂಡಾಗ ಎಷ್ಟು ಸಾವಿರ ಕೊಟ್ಟಿದ್ದಿರಿ ಎಂಬುದು ಗುಜರಿಯವನಿಗೆ ಬೇಕಿಲ್ಲ. ಒಳಗೆ ತಾಮ್ರವೆಷ್ಟು, ಅಲ್ಯೂಮಿನಿಯಂ ಎಷ್ಟು, ಬಿಚ್ಚಲು ಎಷ್ಟು ಹೊತ್ತು? ಅವನ ಲೆಕ್ಕ ಇಷ್ಟೇ.

ಈ ಲೆಕ್ಕದಲ್ಲಿ ಮೊಬೈಲಿಗೆ ಮೊದಲ ಮಣೆ. ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಾಮಾನ್ಯವಾಗಿ ಸಿಗುವುದು ಕೆಲವೇ ಗ್ರಾಂ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ನೂರಾರು ಗ್ರಾಂ ಇರುತ್ತದೆ. 2001ರಲ್ಲಿ ಬಾಗಿಲು ಹಾಕಿದ ಕೋಲಾರದ ಗಣಿಯನ್ನು ಬಲ್ಲ ಕನ್ನಡಿಗರಿಗೆ ಇದರ ಮಹತ್ವ ಬೇರೆ ಹೇಳಬೇಕಿಲ್ಲ. ಟೋಕಿಯೊ ಒಲಿಂಪಿಕ್ಸಿನ ಪದಕಗಳಿಗಾಗಿ ಜಪಾನೀಯರು ಹಳೆಯ ಸಾಧನಗಳಿಂದಲೇ ಸುಮಾರು 32 ಕಿಲೋ ಚಿನ್ನ ತೆಗೆದರು.

ಟೀವಿಯ ಕಥೆ ಬೇರೆ. ಹಳೆಯ ಡಬ್ಬಾ ಟೀವಿಯ ಚಿತ್ರನಳಿಕೆಯ ಗಾಜಿನಲ್ಲಿ ಒಂದೆರಡು ಕಿಲೋ ಸೀಸವಿರುತ್ತದೆ. ಹೊಸ ನಳಿಕೆಗಳು ತಯಾರಾಗುತ್ತಿದ್ದಷ್ಟು ಕಾಲ ಈ ಗಾಜನ್ನು ಕೊಳ್ಳುವವರಿದ್ದರು. ಚಪ್ಪಟೆ ಟೀವಿ ಬಂದ ಮೇಲೆ ಗಿರಾಕಿಗಳೇ ಇಲ್ಲವಾದರು. ಸೀಸ ಮಣ್ಣು, ನೀರು ಸೇರದಂತೆ ವಿಲೇವಾರಿ ಮಾಡಬೇಕಾದರೆ ಈಗ ಕೈಯಿಂದಲೇ ಹಣ ಹಾಕಬೇಕು. ಅಂದರೆ ಆ ಗಾಜಿನ ಬೆಲೆ ಸೊನ್ನೆಗಿಂತ ಕೆಳಗೆ!

ಪೇಚು ಇರುವುದು ಇಲ್ಲಿಯೇ. ತಾಮ್ರ ಕಿತ್ತುಕೊಂಡು ಗಾಜನ್ನು ಹಳ್ಳಕ್ಕೆಸೆಯುವವನಿಗೆ, ತಂತಿ ಸುಟ್ಟು, ಬೋರ್ಡುಗಳನ್ನು ಆಸಿಡ್‌ನಲ್ಲಿ ಅದ್ದುವವನಿಗೆ ಈ ಖರ್ಚಿಲ್ಲ. ಆದ್ದರಿಂದಲೇ ಅವನು ಹಳೆಯ ಸಾಮಾನಿಗೆ ನಾಲ್ಕು ಕಾಸು ಹೆಚ್ಚು ಕೊಡಬಲ್ಲ. ಹೊಗೆ, ಕೊಳಚೆನೀರು ಶುದ್ಧಿ ಮಾಡುವ ಕಾರ್ಖಾನೆ ಅಷ್ಟು ಕೊಡಲಾರದು. ವ್ಯತ್ಯಾಸದ ಹಣವನ್ನು ತೆರುವವರು, ಪಾಪ, ಆ ಕೇರಿಯ ಮಕ್ಕಳು. ಸೀಸ ಸೇರುವುದು ಅವರ ರಕ್ತಕ್ಕೆ. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ವಿದ್ಯುನ್ಮಾನ ಕಸದಲ್ಲಿ ಸರಿಯಾದ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ.

ಭಾರತದಲ್ಲಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಟೀವಿ, ಫ್ರಿಜ್ ತಯಾರಿಸುವ ಕಂಪನಿಗಳು ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಳ್ಳಬೇಕು. ಆದರೆ ಕೊಳ್ಳುವವನಿಗೆ ಅಗ್ಗದ ಪತ್ರವೇ ಮೇಲು. ಕೆಲಸ ಕಳಪೆಯಾದರೂ ಕಾಗದ ಕಾಗದವೇ ತಾನೆ? ಈ ಪೈಪೋಟಿ ತಡೆಯಲು 2024ರಲ್ಲಿ ಸರ್ಕಾರ ಗೃಹಬಳಕೆಯ ವಿದ್ಯುನ್ಮಾನ ಸಾಮಾನಿಗೆ ಕಿಲೋಗೆ 22 ರೂಪಾಯಿಯ ಕನಿಷ್ಠ ದರ ಗೊತ್ತುಪಡಿಸಿತು. ಇದು ವಿಪರೀತ ದುಬಾರಿಯೆಂದು 2025ರಲ್ಲಿ ಸ್ಯಾಮ್‌ಸಂಗ್, ಎಲ್‌ಜಿ, ಡೈಕಿನ್ ಮೊದಲಾದ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಈ ಹೊರೆ ಕೊನೆಗೆ ಹೊಸ ಟೀವಿಯ ಬೆಲೆಗೇ ಸೇರೀತೆಂಬ ಮಾತು ಸುಳ್ಳಲ್ಲ.

ಆದರೆ ಆ 22 ರೂಪಾಯಿಯಲ್ಲಿ ಒಂದು ಪಾಲಾದರೂ ಗುಜರಿಯವನಿಗೆ ತಲುಪಬೇಕು. ಆಗ ಮಾತ್ರ ಅವನು ಟೀವಿಯನ್ನು ಒಡೆಯದೆ, ಗಾಜಿನ ಸಮೇತ ಕಾರ್ಖಾನೆಗೆ ತಂದಾನು.