ಕೋಟೆಯೂ ಸಿಂಹವೂ

ಸ್ಪೇನ್ ದೇಶದ ರಾಜಲಾಂಛನದಲ್ಲಿ ಇಂದಿಗೂ ಒಂದು ಕೋಟೆಯೂ ಅದರ ಮಗ್ಗುಲಲ್ಲಿ ಹಿಂಗಾಲ ಮೇಲೆ ನಿಂತ ಸಿಂಹವೂ ಕಾಣುತ್ತವೆ. ಕೋಟೆ ಕ್ಯಾಸ್ಟೀಲ್ ರಾಜ್ಯದ ಗುರುತು, ಸಿಂಹ ಲಿಯೋನ್ ರಾಜ್ಯದ್ದು. ಪರಸ್ಪರ ಕಾದಾಡುತ್ತಿದ್ದ ಈ ಎರಡು ರಾಜ್ಯಗಳು ಶಾಶ್ವತವಾಗಿ ಕೂಡಿದ ಕಥೆಯಲ್ಲಿ, ಒಬ್ಬನೇ ಅರಸನ ಕೈಹಿಡಿದು, ಧರ್ಮಗುರುಗಳ ಆಜ್ಞೆಯಿಂದ ಒಬ್ಬಳ ಬಳಿಕ ಒಬ್ಬಳಾಗಿ ಅವನನ್ನು ತೊರೆಯಬೇಕಾಗಿ ಬಂದ ಇಬ್ಬರು ರಾಣಿಯರ ಪಾತ್ರ ಹಿರಿದಾದುದು.

1157ರಲ್ಲಿ ಏಳನೆಯ ಅಲ್ಫೊನ್ಸೊ ತೀರಿಕೊಂಡಾಗ ಹಿರಿಯ ಮಗನಿಗೆ ಕ್ಯಾಸ್ಟೀಲ್, ಕಿರಿಯನಿಗೆ ಲಿಯೋನ್ ಎಂದು ರಾಜ್ಯ ಪಾಲಾಯಿತು. ಪಾಲಿನೊಡನೆ ಗಡಿಯ ಕೋಟೆಗಳ ವ್ಯಾಜ್ಯವೂ ಹುಟ್ಟಿತು. ಕಿರಿಯನ ಮಗನಾದ ಒಂಬತ್ತನೆಯ ಅಲ್ಫೊನ್ಸೊ ಮೊದಲು ವರಿಸಿದುದು ಪೋರ್ಚುಗಲ್ಲಿನ ರಾಜಪುತ್ರಿ ತೆರೇಸಾಳನ್ನು. ಅವಳು ಅವನಿಗೆ ಸ್ವಂತ ಸೋದರಮಾವನ ಮಗಳು. ನಮ್ಮ ಕಡೆಯ ಹಿರಿಯರಾಗಿದ್ದರೆ ವಾವೆ ಕೂಡಿತೆಂದು ಸಂತೋಷದಿಂದ ವೀಳ್ಯ ಬದಲಾಯಿಸುತ್ತಿದ್ದ ಸಂಬಂಧವಿದು. ಏಳು ತಲೆಮಾರಿನ ರಕ್ತಬಾಂಧವ್ಯವನ್ನೂ ನಿಷೇಧಿಸಿದ್ದ ಅಂದಿನ ಕ್ರೈಸ್ತ ಧರ್ಮಶಾಸ್ತ್ರಕ್ಕೆ ಮಾತ್ರ ಅದು ಮಹಾಪರಾಧ. ಮೂವರು ಮಕ್ಕಳಾದ ಮೇಲೆ ವಿವಾಹ ಅಸಿಂಧುವಾಯಿತು.

1197ರಲ್ಲಿ ಅವನು ವಯಾದೊಲಿದ್ ನಗರದಲ್ಲಿ ಕ್ಯಾಸ್ಟೀಲಿನ ಎಂಟನೆಯ ಅಲ್ಫೊನ್ಸೊವಿನ ಮಗಳಾದ ಬೆರೆಂಗೇಲಾಳನ್ನು ಮದುವೆಯಾದನು. ದೊಡ್ಡಪ್ಪನ ಮಗನ ಮಗಳಾದ ಇವಳು ನಮ್ಮ ಲೆಕ್ಕದಲ್ಲಿ ಮಗಳ ವರಸೆಯವಳು. ಆದರೆ ಗಡಿಯ ಕಲಹವನ್ನು ಶಮನಗೊಳಿಸಲು ಬೇರೆ ಉಪಾಯ ಆ ಎರಡು ಅರಮನೆಗಳಿಗೂ ತೋಚಲಿಲ್ಲ. ಪೋಪ್ ಮೂರನೆಯ ಇನೊಸೆಂಟನು ಪಟ್ಟುಬಿಡಲಿಲ್ಲ. 1204ರಲ್ಲಿ, ಐದು ಮಕ್ಕಳನ್ನು ಹೆತ್ತಿದ್ದ ಬೆರೆಂಗೇಲಾ ತವರಿಗೆ ಮರಳಿದಳು. ವಿವಾದದ ಕೋಟೆಗಳು ಯಾರಿಗೆ ಸೇರಬೇಕೆಂಬ ಪ್ರಶ್ನೆ ಮತ್ತೆ ತಲೆಯೆತ್ತಲು, 1206ರ ಕಾಬ್ರೇರೋಸ್ ಒಪ್ಪಂದದಲ್ಲಿ ಎರಡು ಪಕ್ಷಗಳೂ ಅವುಗಳಲ್ಲಿ ಬಹುಪಾಲನ್ನು ಆ ದಂಪತಿಗಳ ಮಗ, ಬಾಲಕ ಫೆರ್ನಾಂದೊವಿಗೇ ಬರೆದುಕೊಟ್ಟು ಸಮಾಧಾನಪಟ್ಟವು.

1217ರ ಜೂನ್ ತಿಂಗಳಲ್ಲಿ ಪಾಲೆನ್ಸಿಯಾದಲ್ಲಿ ಜೊತೆಯ ಹುಡುಗರೊಡನೆ ಆಡುತ್ತಿದ್ದ ಕ್ಯಾಸ್ಟೀಲಿನ ಬಾಲರಾಜ ಎನ್ರಿಕೆಯ ತಲೆಯ ಮೇಲೆ ಮಾಡಿನ ಹೆಂಚೊಂದು ಬಿದ್ದು, ಹದಿಮೂರರ ಆ ಹುಡುಗ ಅಸುನೀಗಿದನು. ಅವನ ಅಕ್ಕ ಬೆರೆಂಗೇಲಾ ದುಃಖವನ್ನು ನುಂಗಿಕೊಂಡು, ಸಾವಿನ ಸುದ್ದಿ ಲಿಯೋನಿಗೆ ಮುಟ್ಟುವ ಮೊದಲೇ, ಮಗನನ್ನು ನೋಡಬೇಕೆಂಬ ಆಸೆಯಾಗಿದೆಯೆಂದಷ್ಟೇ ಹಳೆಯ ಗಂಡನಿಗೆ ಹೇಳಿಕಳುಹಿಸಿದಳು. ಅವನು ಸಂಶಯಪಡದೆ ಹುಡುಗನನ್ನು ಕಳುಹಿಸಿಕೊಟ್ಟನು. ವಯಾದೊಲಿದ್ದಿನ ಹೊರಗೆ, ಸಂತೆ ಸೇರುವ ಬಯಲಿನಲ್ಲಿ ನೆರೆದ ಜನರೆದುರಿಗೆ ಅವಳು ಕಿರೀಟಕ್ಕೆ ತಾನೇ ಹಕ್ಕುದಾರಳೆಂದು ಒಪ್ಪಿಸಿಕೊಂಡು, ಒಡನೆಯೇ ಅದನ್ನು ಮಗನಿಗೆ ವಹಿಸಿಕೊಟ್ಟಳು. ಮೋಸಹೋದ ತಂದೆ ಸೈನ್ಯದೊಡನೆ ಬಂದುದು ನಿಷ್ಫಲವಾಯಿತು.

ಆ ಕಹಿಯನ್ನು ಅವನು ಮರೆತಂತೆ ತೋರುವುದಿಲ್ಲ. 1230ರಲ್ಲಿ ಅವನು ಮಡಿದಾಗ, ಲಿಯೋನ್ ಸಿಂಹಾಸನ ಫೆರ್ನಾಂದೊವಿಗಲ್ಲದೆ ತೆರೇಸಾಳ ಹೆಣ್ಣುಮಕ್ಕಳಾದ ಸಾಂಚಾ, ದುಲ್ಸೆಯರಿಗೆ ಸೇರತಕ್ಕುದೆಂಬುದು ಅವನ ಇಚ್ಛೆಯಾಗಿತ್ತು. ಯುದ್ಧ ಹೊಸ್ತಿಲಲ್ಲಿ ನಿಂತಿತ್ತು. ಆಗ ಪೋರ್ಚುಗಲ್ಲಿನ ಲೊರ್ವಾವ್ ಕನ್ಯಾಮಠದಲ್ಲಿ ನೆಲಸಿದ್ದ ತೆರೇಸಾ ಹೊರಟುಬಂದಳು. ಇತ್ತಣಿಂದ ಬೆರೆಂಗೇಲಾ ಹೋದಳು. ಸವತಿಯರೆನ್ನೋಣವೆಂದರೆ ಏಕಕಾಲದಲ್ಲಿ ಅವನ ಮಡದಿಯರಾಗಿರಲಿಲ್ಲ, ಪರಕೀಯರೆನ್ನೋಣವೆಂದರೆ ಇಬ್ಬರ ಮಕ್ಕಳಿಗೂ ತಂದೆ ಒಬ್ಬನೇ. ತಾಯಂದಿರಿಬ್ಬರೂ ಕುಳಿತು ಮಾತಾಡಿ, ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ಚಿನ್ನದ ನಾಣ್ಯಗಳ ಜೀವನಾಂಶವೆಂದೂ, ಲಿಯೋನ್ ಫೆರ್ನಾಂದೊವಿಗೆಂದೂ ತೀರ್ಮಾನಿಸಿದರು. ಬೆನಾವೆಂತೆಯಲ್ಲಿ ಒಪ್ಪಂದ ಸ್ಥಿರಪಟ್ಟಿತು.

ಕೂಡಿದ ಬಲದಿಂದ ಫೆರ್ನಾಂದೊ 1236ರಲ್ಲಿ ಕೊರ್ದೋಬಾವನ್ನೂ 1248ರಲ್ಲಿ ಸೆವಿಲ್ಲೆಯನ್ನೂ ಗೆದ್ದನು. ಚರಿತ್ರೆ ಆ ದಿಗ್ವಿಜಯಗಳನ್ನು ಹಾಡಿ ಹೊಗಳಿದೆ. ಆದರೆ ಕೋಟೆ ಸಿಂಹಗಳು ಒಂದೇ ಫಲಕದಲ್ಲಿ ನಿಂತುದು ಅದಕ್ಕೂ ಮೊದಲು, ವಿವಾಹ ಅಸಿಂಧುವೆನಿಸಿಕೊಂಡ ಇಬ್ಬರು ಹೆಂಗಸರು ತಮ್ಮ ಮಕ್ಕಳ ಸಂಬಂಧ ಅಸಿಂಧುವಲ್ಲವೆಂದು ಬಗೆದ ಆ ದಿನ.