ಉದ್ದಾಲಿಕನ ಹೆಂಡತಿಯ ‘ಒಲ್ಲೆ’

ರಾಣೆಬೆನ್ನೂರಿನಲ್ಲಿ ಹುಟ್ಟಿ ಮಲೇಬೆನ್ನೂರಿಗೆ ಸೊಸೆಯಾಗಿ ಹೋದ 18ನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮ ಹರಿದಾಸ ಸಾಹಿತ್ಯದ ಓದುಗರಿಗೆ ಹೊಸಬಳಲ್ಲ. ಸಂಸಾರದಲ್ಲಿ ಮನಸ್ಸಿಡದೆ, ಗಂಡನಿಗೆ ಮತ್ತೊಂದು ಮದುವೆಯಾಗಲು ಹೇಳಿ ಭಕ್ತಿಯ ದಾರಿ ಹಿಡಿದಳೆಂಬ ಐತಿಹ್ಯವೂ ಪರಿಚಿತವೇ. ಆದರೆ ರಾಣೆಬೆನ್ನೂರಿನ ಸುತ್ತಣ ಕುಪ್ಪೇಲೂರು, ಬ್ಯಾಡಗಿಗಳ ಸೀಮೆಯಲ್ಲಿ ಸ್ತ್ರೀಪ್ರತಿರೋಧದ ಎಳೆ ಹುಡುಕುವವರಿಗೆ ಆಕೆಯ ಬದುಕಿಗಿಂತ ಆಕೆ ಬರೆದ ‘ಉದ್ದಾಲಿಕನ ಕಥೆ’ಯೇ ಹೆಚ್ಚು ಕುತೂಹಲಕರ.

ಜೈಮಿನಿ ಭಾರತದಲ್ಲಿ ಬರುವ ಈ ಕಥೆಯಲ್ಲಿ ಉದ್ದಾಲಿಕ ಮುನಿಯ ಹೆಂಡತಿ ಚಂಡಿ ಗಂಡ ಹೇಳಿದ್ದಕ್ಕೆಲ್ಲ ತಿರುಗಾಮುರುಗಾ ನಡೆಯುವವಳು. ಬೇಸತ್ತ ಮುನಿ, ಹಿರಿಯನೊಬ್ಬನ ಸಲಹೆಯಂತೆ, ಬೇಕಾದುದನ್ನು ಬೇಡವೆಂದೇ ಹೇಳತೊಡಗುತ್ತಾನೆ: ಶ್ರಾದ್ಧ ಬೇಡವೆಂದರೆ ಅವಳು ಅಟ್ಟುಣಿಸಲು ಸೆರಗು ಕಟ್ಟುತ್ತಾಳೆ, ಒಳ್ಳೆಯ ಬ್ರಾಹ್ಮಣರನ್ನು ಕರೆಯಬೇಡವೆಂದರೆ ಅವರನ್ನೇ ಕರೆಸುತ್ತಾಳೆ. ಎಲ್ಲವೂ ಸಾಂಗವಾಗಿ ನಡೆದ ಸಂತೋಷದಲ್ಲಿ ಮೈಮರೆತ ಆತ, ಪಿಂಡಗಳನ್ನು ನೀರಿಗೆ ಬಿಡೆಂದು ನೇರವಾಗಿಯೇ ಹೇಳಿದಾಗ, ಅವಳು ಅವನ್ನು ಹೊಲಸಿನಲ್ಲಿ ಚೆಲ್ಲಿ, ಶಾಪದಿಂದ ಕಲ್ಲಾಗುತ್ತಾಳೆ. ಮುಂದೆ ಅಶ್ವಮೇಧದ ಕುದುರೆ ಆ ಬಂಡೆಗೆ ಅಂಟಿಕೊಂಡು, ಅರ್ಜುನನ ಸ್ಪರ್ಶದಿಂದ ಅವಳಿಗೆ ಬಿಡುಗಡೆ.

ದಾಂಪತ್ಯವನ್ನು ತೊರೆದಳೆನ್ನುವ ಕವಿ, ಮಾತು ಕೇಳದ ಹೆಂಡತಿ ಶಿಕ್ಷೆಗೊಳಗಾಗುವ ಕಥೆಯನ್ನೇ ಏಕೆ ಆರಿಸಿಕೊಂಡಳು? ಗಿರಿಯಮ್ಮನನ್ನು ಸ್ತ್ರೀವಾದಿಯೆಂದು ಕರೆಯುವುದು ಅತಿಯಾದೀತು, ಏಕೆಂದರೆ ಕಥೆ ಕೊನೆಗೆ ಗಂಡನ ಪಕ್ಷದಲ್ಲಿಯೇ ನಿಲ್ಲುತ್ತದೆ. ಹಾಗಿದ್ದೂ ಕೇಳುಗರಿಗೆ ರುಚಿಸುವುದು ಶಾಪವಲ್ಲ, ಚಂಡಿಯ ಹಟ. ಗಂಡನ ಅಪ್ಪಣೆಗೆ ಮಣಿಯದ ಈ ಹಟ ಇನ್ನೊಬ್ಬಳನ್ನು ನೆನಪಿಸುತ್ತದೆ. ಮೇಲಿನವರ ಅಪ್ಪಣೆಯಿಲ್ಲದೆಯೂ ಮನುಷ್ಯರು ಕೂಡಿ ಬಾಳಬಲ್ಲರೆಂಬ ಅರಾಜಕತಾವಾದವನ್ನು ಮನೆಯೊಳಕ್ಕೂ ತಂದ ಎಮ್ಮಾ ಗೋಲ್ಡ್‌ಮನ್ (1869–1940), ಸರ್ಕಾರದ ಜೊತೆಗೆ ಮದುವೆಯನ್ನೂ ಅಧಿಕಾರದ ಸಂಸ್ಥೆಯೆಂದೇ ವಿಚಾರಣೆಗೆ ಒಳಪಡಿಸಿದವಳು. ಆದರೆ ಚಂಡಿಯ ಪ್ರತಿಭಟನೆ ಇನ್ನೂ ಆಜ್ಞೆಯ ನೆರಳಿನಲ್ಲಿಯೇ ಇದೆ: ಸದಾ ಎದುರು ನಡೆಯುವವಳನ್ನು ಎದುರು ಮಾತಿನಿಂದಲೇ ಆಳಬಹುದೆಂಬುದನ್ನು ಮುನಿ ಕಂಡುಕೊಂಡಿದ್ದ.

ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯ ಹೆಣ್ಣುಮಕ್ಕಳನ್ನು ಹಾಗೆ ಆಳಲಾಗಲಿಲ್ಲ. 1930ರ ದಶಕದ ಆರಂಭದಲ್ಲಿ, ಹಿರೇಕೆರೂರಿನಂತೆ ಅಲ್ಲಿಯೂ ಕರನಿರಾಕರಣೆ, ಎಂದರೆ ಭೂಕಂದಾಯ ಕೊಡಲೊಲ್ಲೆನೆಂಬ ಚಳವಳಿ, ನಡೆದ ಕಾಲದಲ್ಲಿ, ಅವರು ಕುಳಿತದ್ದು ಕಚೇರಿಯ ಮುಂದಲ್ಲ. ಕಂದಾಯ ಕೊಡದವರಿಂದ ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಉಪವಾಸ ಕೂತರು. ತ್ಯಾಗಲಿ ಭುವನೇಶ್ವರಮ್ಮ, ಕಲ್ಲಾಳ ಲಕ್ಷ್ಮಮ್ಮ ಇವರಲ್ಲಿ ಪ್ರಮುಖರು. ಲಾಠಿಗೆ ಹೆದರದಿದ್ದರೂ ತನ್ನ ಅಂಗಳದಲ್ಲಿ ನೆರೆಯ ಹೆಂಗಸು ಅನ್ನ ಬಿಟ್ಟು ಕೂತದ್ದಕ್ಕೆ ಹೆದರದ ಗೃಹಸ್ಥ ಆ ಸೀಮೆಯಲ್ಲಿ ವಿರಳ.