ಮಾರಿಯೊ ಊರಿಗೆ ಬಂದ ನೆಂಟರು

ತಿಳಿನೀಲಿ ಆಕಾಶ. ಕಂದು ಇಟ್ಟಿಗೆಯ ನೆಲ. ತಲೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ. ಮುಖ ಗಂಟಿಕ್ಕಿಕೊಂಡು ಎದುರಿನಿಂದ ನಡೆದು ಬರುತ್ತಿರುವ ಒಂದು ಅಣಬೆ. ವಿಡಿಯೊ ಗೇಮ್ ಆಡಿ ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು, ಇದು 'ಸೂಪರ್ ಮಾರಿಯೊ ಬ್ರದರ್ಸ್' ಆಟದ ಮೊದಲ ಹಂತವೆಂದು ತಿಳಿದುಬಿಡುತ್ತದೆ. ಆದರೆ ಅಲ್ಲಿ ನಿಂತಿರುವವನು ಕೆಂಪು ಟೋಪಿಯ ಮಾರಿಯೊ ಅಲ್ಲ! ಹಸಿರು ಟೋಪಿ ಹಾಕಿ ಕತ್ತಿ ಹಿಡಿದ ಲಿಂಕ್. ಅವನು 'ದಿ ಲೆಜೆಂಡ್ ಆಫ್ ಜೆಲ್ಡಾ' ಎಂಬ ಬೇರೆಯೇ ಆಟದ ನಾಯಕ. ಅವನಿಗೆ ಇಲ್ಲೇನು ಕೆಲಸ?

ಲಂಕಾದಹನದ ಪ್ರಸಂಗ ನಡೆಯುತ್ತಿರುವಾಗ ಗದಾಯುದ್ಧದ ಭೀಮ ರಂಗಸ್ಥಳಕ್ಕೆ ಬಂದಂತಿರುವ ಈ ಆಟದ ಹೆಸರು 'ಸೂಪರ್ ಮಾರಿಯೊ ಬ್ರದರ್ಸ್ ಕ್ರಾಸ್‌ಓವರ್'. ಅಮೆರಿಕದ ಜೇ ಪಾವ್ಲಿನಾ ಎಂಬ ಅಭಿಮಾನಿ ಇದನ್ನು ತಯಾರಿಸಿ 2010ರ ಏಪ್ರಿಲ್‌ನಲ್ಲಿ ಅಂತರಜಾಲದಲ್ಲಿ ಉಚಿತವಾಗಿ ಆಡಲು ಬಿಟ್ಟರು. ಊರು ಮಾರಿಯೊನದು. ನೆಂಟರು ಮಾತ್ರ ಬೇರೆ ಬೇರೆ ಮನೆಯವರು. ಲಿಂಕ್ ಮತ್ತು ಸ್ಯಾಮಸ್ ಮಾರಿಯೊನಂತೆಯೇ ನಿಂಟೆಂಡೊ ಕಂಪನಿಯ ಪಾತ್ರಗಳು. ಮೆಗಾ ಮ್ಯಾನ್ ಕ್ಯಾಪ್‌ಕಾಮ್ ಕಂಪನಿಯವನು. ಚಾಟಿ ಬೀಸುವ ಸೈಮನ್ ಬೆಲ್ಮಾಂಟ್ ಮತ್ತು 'ಕಾಂಟ್ರಾ' ಆಟದ ಬಂದೂಕುಧಾರಿ ಬಿಲ್ ಕೊನಾಮಿ ಕಂಪನಿಯವರು. ಮೂರು ಕಂಪನಿಗಳು ಒಟ್ಟಿಗೆ ಕುಳಿತು ಇಂಥದೊಂದು ಆಟ ಮಾಡಿರಲಿಲ್ಲ. ಅಭಿಮಾನಿಯೊಬ್ಬ ಮಾಡಿ ತೋರಿಸಿದ.

ಮೂಲ ಮಾರಿಯೊ ಆಟ ಜಪಾನಿನಲ್ಲಿ ಬಿಡುಗಡೆಯಾದದ್ದು 1985ರಲ್ಲಿ. ಇಡೀ ಆಟದ ಗಾತ್ರ ಸುಮಾರು 40 ಕಿಲೋಬೈಟ್ ಅಷ್ಟೆ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಅದಕ್ಕಿಂತ ಹಲವಾರು ಪಟ್ಟು ದೊಡ್ಡದು! ನಮ್ಮಲ್ಲಿ 90ರ ದಶಕದಲ್ಲಿ ಟಿ.ವಿ.ಗೆ ಜೋಡಿಸುವ ಅಗ್ಗದ ನಕಲು ಯಂತ್ರಗಳ ಮೂಲಕ ಅದು ಮನೆಮನೆಗೆ ಬಂತು. ಮಾರಿಯೊ ಮತ್ತು ಕಾಂಟ್ರಾ ಎರಡೂ ಒಂದೇ ಕ್ಯಾಸೆಟ್‌ನಲ್ಲಿ ಇರುತ್ತಿದ್ದದ್ದುಂಟು. ಆದರೂ ಒಬ್ಬರ ಲೋಕಕ್ಕೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಕಾಂಟ್ರಾದವನು ಬಂದೂಕು ಹಿಡಿದು ಮಾರಿಯೊ ಊರಿಗೆ ಹೋದರೆ ಏನಾದೀತು? ಬೇಸಿಗೆ ರಜೆಯಲ್ಲಿ ಅಂದಿನ ಮಕ್ಕಳು ಕಟ್ಟಿಕೊಂಡ ಈ ಬಗೆಯ ಕನಸಿಗೆ ಕ್ರಾಸ್‌ಓವರ್ ಆಟ ಕೊಟ್ಟ ಉತ್ತರವೇ ಇಂದಿಗೂ ಹಲವರು ಅದನ್ನು ನೆನೆಯಲು ಕಾರಣ.

ಜಿಗಿತದ ಲೆಕ್ಕ

ಪ್ಲಾಟ್‌ಫಾರ್ಮ್ ಆಟವೆಂದರೆ ಓಡುವ, ಜಿಗಿಯುವ ಆಟ. ಅದರ ಜೀವವೆಲ್ಲ ಜಿಗಿತದಲ್ಲಿದೆ. ಮೇಲಕ್ಕೆ ಎಸೆದ ಚೆಂಡಿನ ವೇಗ ಪ್ರತಿ ಸೆಕೆಂಡಿಗೂ 9.8 ಮೀಟರ್‌ನಷ್ಟು ಕುಗ್ಗುತ್ತ ಬಂದು, ಒಂದು ಕ್ಷಣ ಸೊನ್ನೆಯಾಗಿ, ಮತ್ತೆ ಕೆಳಮುಖವಾಗಿ ಹೆಚ್ಚುತ್ತದೆಂದು ಹೈಸ್ಕೂಲ್ ಮಕ್ಕಳು ಓದಿರುತ್ತಾರೆ. ಆಟದೊಳಗೂ ಇದೇ ಲೆಕ್ಕ. ತೆರೆಯ ಮೇಲಿನ ಚಿತ್ರ ಸೆಕೆಂಡಿಗೆ ಸುಮಾರು 60 ಬಾರಿ ಬದಲಾಗುತ್ತದೆ. ಪ್ರತಿ ಬಾರಿಯೂ ನಾಯಕನ ವೇಗದಿಂದ ಒಂದು ಸಣ್ಣ ಸಂಖ್ಯೆಯನ್ನು ಕಳೆಯಲಾಗುತ್ತದೆ. ಆ ಸಂಖ್ಯೆಯೇ ಅಲ್ಲಿನ ಗುರುತ್ವ. ಅದನ್ನು ನಿಗದಿ ಮಾಡುವುದು ಭೂಮಿಯಲ್ಲ, ಪ್ರೋಗ್ರಾಮ್ ಬರೆಯುವವರು!

ಮಾರಿಯೊ ಆಟದಲ್ಲಿ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಗುರುತ್ವ ಕಡಿಮೆಯಾಗುತ್ತದೆ, ಆದ್ದರಿಂದ ಜಿಗಿತ ಎತ್ತರವಾಗುತ್ತದೆ. ಗಾಳಿಯಲ್ಲಿದ್ದಾಗಲೇ ಅವನನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಬಹುದು. ನ್ಯೂಟನ್ ಇದನ್ನು ಒಪ್ಪುತ್ತಿರಲಿಲ್ಲ. 1986ರ 'ಕ್ಯಾಸಲ್‌ವೇನಿಯಾ' ಆಟದ ಸೈಮನ್ ಹಾಗಲ್ಲ. ಒಮ್ಮೆ ಜಿಗಿದನೆಂದರೆ ನೆಲ ಮುಟ್ಟುವವರೆಗೂ ದಿಕ್ಕು ಬದಲಿಸುವಂತಿಲ್ಲ. ಭೌತಶಾಸ್ತ್ರದ ದೃಷ್ಟಿಯಿಂದ ಸೈಮನ್ನನೇ ಪ್ರಾಮಾಣಿಕ!

ಆದರೆ ಮಾರಿಯೊ ಊರಿನ ಹಳ್ಳಗಳ ಅಗಲ, ಗೋಡೆಗಳ ಎತ್ತರ ಎಲ್ಲವೂ ಮಾರಿಯೊನ ಜಿಗಿತಕ್ಕೆ ಅಳೆದು ಮಾಡಿದವು. ಅಲ್ಲಿಗೆ ಸೈಮನ್‌ನನ್ನು ಇದ್ದಂತೆಯೇ ತಂದು ಬಿಟ್ಟರೆ ಗತಿಯೇನು? ಅದಕ್ಕಾಗಿ ಕ್ರಾಸ್‌ಓವರ್‌ನಲ್ಲಿ ಅವನಿಗೆ ಗಾಳಿಯಲ್ಲೇ ಇನ್ನೊಮ್ಮೆ ಜಿಗಿಯುವ ಅನುಕೂಲ ಮಾಡಿಕೊಡಲಾಯಿತು. ಹೀಗೆ ಪ್ರತಿ ನೆಂಟನಿಗೂ ಅವನ ಸ್ವಭಾವ ಕೆಡದಂತೆ, ಹೊಸ ಊರಿನಲ್ಲಿ ಬಾಳುವೆ ಸಾಗುವಂತೆ ಲೆಕ್ಕ ಹೊಂದಿಸಬೇಕಿತ್ತು. ಮೇಲ್ನೋಟಕ್ಕೆ ತಮಾಷೆಯಾಗಿ ಕಾಣುವ ಈ ಕೆಲಸದ ಹಿಂದೆ ಎಷ್ಟು ಅಭ್ಯಾಸ ಬೇಕೆಂಬುದು ಇದರಿಂದ ತಿಳಿಯುತ್ತದೆ. ಹಳೆಯ ಆಟವನ್ನು ಆಡಿದರಷ್ಟೇ ಸಾಲದು, ಬಿಚ್ಚಿ ನೋಡಿರಬೇಕು.

ಒಂದು ರಾತ್ರಿಯ ಕಿಡಿಗೇಡಿತನ

ಇಂಥ ಬೆರಕೆ ಆಟಗಳ ಕಥೆ 2010ಕ್ಕಿಂತ ಬಹಳ ಹಳೆಯದು. 90ರ ದಶಕದಲ್ಲಿ ನಮ್ಮ ಕಡೆ ಕಂಪ್ಯೂಟರ್ ತರಗತಿಗೆ ಹೋದ ಹಲವರಿಗೆ 'ಡೇಂಜರಸ್ ಡೇವ್' ನೆನಪಿರಬಹುದು. ಟ್ರೋಫಿ ಎತ್ತಿಕೊಂಡು ಬಾಗಿಲು ಸೇರುವ ಆಟ ಅದು. ಅದರ ಕರ್ತೃ ಅಮೆರಿಕದ ಜಾನ್ ರೊಮೆರೊ. ಅವರು ಆಗ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ನಗರದ ಸಾಫ್ಟ್‌ಡಿಸ್ಕ್ ಕಂಪನಿಯಲ್ಲಿ ಕೆಲಸಕ್ಕಿದ್ದರು.

ಆ ಕಾಲದ ಪಿ.ಸಿ.ಯಲ್ಲಿ ಮಾರಿಯೊ ಆಟದಂತೆ ದೃಶ್ಯ ನಯವಾಗಿ ಪಕ್ಕಕ್ಕೆ ಸರಿಯುತ್ತಿರಲಿಲ್ಲ. 16 ಬಣ್ಣಗಳ ಒಂದು ತೆರೆಯನ್ನು ತುಂಬಲು 32,000 ಬೈಟ್ ಬೇಕು. ಅಷ್ಟನ್ನೂ ಮತ್ತೆ ಮತ್ತೆ ಬರೆಯುವ ವೇಗ ಯಂತ್ರಕ್ಕಿರಲಿಲ್ಲ. ರೊಮೆರೊ ಸಹೋದ್ಯೋಗಿ ಜಾನ್ ಕಾರ್ಮ್ಯಾಕ್ ಇದಕ್ಕೊಂದು ಉಪಾಯ ಕಂಡುಹಿಡಿದರು. ತೆರೆಯನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಬೇಕು. ದೃಶ್ಯ ಸರಿದಾಗ ನೀಲಿ ಆಕಾಶವಿದ್ದ ಚೌಕಕ್ಕೆ ಪಕ್ಕದ ನೀಲಿ ಆಕಾಶವೇ ಬರುವುದಾದರೆ ಅದನ್ನು ಮುಟ್ಟುವುದೇ ಬೇಡ. ಬದಲಾದ ಚೌಕಗಳನ್ನಷ್ಟೇ ಬರೆದರೆ ಸಾಕು. ಗೋಡೆಯ ಮಾಸಿದ ಭಾಗಕ್ಕೆ ಮಾತ್ರ ಸುಣ್ಣ ಹಚ್ಚುವ ಜಾಣತನ ಇದು.

1990ರ ಸೆಪ್ಟೆಂಬರ್‌ನ ಒಂದು ರಾತ್ರಿ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ನಿದ್ದೆಗೆಟ್ಟು ಕುಳಿತರು. 'ಸೂಪರ್ ಮಾರಿಯೊ ಬ್ರದರ್ಸ್ 3'ರ ಮೊದಲ ಹಂತವನ್ನು ಪಿ.ಸಿ.ಯಲ್ಲಿ ಯಥಾವತ್ತಾಗಿ ಮೂಡಿಸಿದರು. ಮಾರಿಯೊ ಜಾಗದಲ್ಲಿ ಡೇವ್‌ನನ್ನು ನಿಲ್ಲಿಸಿದರು. ಬೆಳಿಗ್ಗೆ ಕೆಲಸಕ್ಕೆ ಬಂದ ರೊಮೆರೊ ಮೇಜಿನ ಮೇಲೆ ಒಂದು ಫ್ಲಾಪಿ ಕಾದಿತ್ತು. ಆಟಕ್ಕೆ ಅವರು ಇಟ್ಟಿದ್ದ ಹೆಸರೇ 'ಕೃತಿಸ್ವಾಮ್ಯ ಉಲ್ಲಂಘನೆಯಲ್ಲಿ ಡೇಂಜರಸ್ ಡೇವ್' ಎಂಬರ್ಥದ್ದು! ತಾವು ಮಾಡಿದ್ದೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅನಂತರ ಈ ಗೆಳೆಯರು ಮಾರಿಯೊ 3ರ ಪಿ.ಸಿ. ಮಾದರಿಯನ್ನೇ ಸಿದ್ಧಪಡಿಸಿ ನಿಂಟೆಂಡೊ ಕಂಪನಿಯ ಮುಂದಿಟ್ಟರು. ಕಂಪನಿ ಒಪ್ಪಲಿಲ್ಲ. ಅವರು ಎದೆಗುಂದಲಿಲ್ಲ. ಅದೇ ತಂತ್ರ ಬಳಸಿ, ಸ್ವಂತ ನಾಯಕನನ್ನು ಸೃಷ್ಟಿಸಿ, 1990ರ ಡಿಸೆಂಬರ್‌ನಲ್ಲಿ 'ಕಮಾಂಡರ್ ಕೀನ್' ಹೊರತಂದರು. 1991ರಲ್ಲಿ ಇಡ್ ಸಾಫ್ಟ್‌ವೇರ್ ಕಂಪನಿ ಹುಟ್ಟಿತು. 1993ರಲ್ಲಿ ಅಲ್ಲಿಂದಲೇ ಜಗತ್ಪ್ರಸಿದ್ಧ 'ಡೂಮ್' ಬಂತು. ಎರವಲು ನಾಯಕನ ಕೈಹಿಡಿದು ಹೊರಟವರು ಸ್ವಂತ ಕಾಲ ಮೇಲೆ ನಿಂತರು.

ಯಾರ ಸೊತ್ತು?

ಪ್ರೀತಿಯಿಂದ ಮಾಡಿದ್ದಾದರೂ ಪಾತ್ರ ಇನ್ನೊಬ್ಬರದು. ಕಾನೂನಿನ ಪ್ರಕಾರ ಅನುಮತಿ ಕೊಡುವ, ಕೊಡದಿರುವ ಹಕ್ಕು ಮಾಲೀಕರದು. ಸಿಂಗಪುರದ ಸಿಯೊ ಜಾಂಗ್ ಹುಯಿ ಎಂಬ ಅಭಿಮಾನಿ ಮೆಗಾ ಮ್ಯಾನ್‌ನನ್ನು 'ಸ್ಟ್ರೀಟ್ ಫೈಟರ್' ಮಲ್ಲರ ಎದುರು ನಿಲ್ಲಿಸಿದಾಗ ಕ್ಯಾಪ್‌ಕಾಮ್ ಅದನ್ನು ಮೆಚ್ಚಿ, 2012ರ ಡಿಸೆಂಬರ್‌ನಲ್ಲಿ ತಾನೇ ಉಚಿತವಾಗಿ ಬಿಡುಗಡೆ ಮಾಡಿತು. ಎಲ್ಲರಿಗೂ ಆ ಭಾಗ್ಯವಿಲ್ಲ. ಅರ್ಜೆಂಟೀನಾದ ಅಭಿಮಾನಿಯೊಬ್ಬರು ಸುಮಾರು ಹತ್ತು ವರ್ಷ ದುಡಿದು 'ಮೆಟ್ರಾಯ್ಡ್ 2' ಆಟಕ್ಕೆ ಹೊಸ ರೂಪ ಕೊಟ್ಟು 2016ರಲ್ಲಿ ಹಂಚಿದರು. ಕೆಲವೇ ದಿನಗಳಲ್ಲಿ ನಿಂಟೆಂಡೊ ಅದನ್ನು ತೆಗೆಸಿತು. ಮರುವರ್ಷ ಅದೇ ಆಟದ ತನ್ನ ಹೊಸ ರೂಪವನ್ನು ಮಾರುಕಟ್ಟೆಗೆ ತಂದಿತು.

ಕಾನೂನು ಸುಮ್ಮನಿದ್ದರೂ ಕಾಲ ಸುಮ್ಮನಿರುವುದಿಲ್ಲ. ಪಾವ್ಲಿನಾ ಅವರ ಆಟ ಓಡುತ್ತಿದ್ದುದು ಫ್ಲ್ಯಾಶ್ ಎಂಬ ತಂತ್ರಾಂಶದ ಬಲದಿಂದ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ವಿದಾಯ ಹೇಳಿತು. ಕಂಪನಿಯ ಆಟವಾದರೆ ಹೊಸ ಯಂತ್ರಕ್ಕೆ ಹೊಂದಿಸಿ ಮತ್ತೆ ಮಾರುತ್ತಾರೆ. ಅಭಿಮಾನಿಯ ಆಟಕ್ಕೆ ಆ ವಾರಸುದಾರಿಕೆ ಇಲ್ಲ. ಫ್ಲ್ಯಾಶ್‌ಪಾಯಿಂಟ್ ಎಂಬ ಯೋಜನೆಯ ಸ್ವಯಂಸೇವಕರು ಲಕ್ಷಕ್ಕೂ ಹೆಚ್ಚು ಹಳೆಯ ಫ್ಲ್ಯಾಶ್ ಆಟಗಳನ್ನು ಉಳಿಸಿದ್ದರಿಂದ ನೆನಪಿಗೊಂದು ಆಸರೆ ದೊರೆತಿದೆ. ಅಂದು ನಿಂಟೆಂಡೊ ಬೇಡವೆಂದ ಮಾರಿಯೊ 3ರ ಪಿ.ಸಿ. ಮಾದರಿಯ ಡಿಸ್ಕ್ ಕೂಡ ಅಮೆರಿಕದ ರಾಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ಆಟಗಳ ವಸ್ತುಸಂಗ್ರಹಾಲಯವನ್ನು ಸೇರಿದೆ.

ಪಾಲಕರಿಗೊಂದು ಮಾತು. ಮಕ್ಕಳು ಆಟ ಆಡುವ ಹೊತ್ತನ್ನು ಗಡಿಯಾರ ನೋಡಿ ಅಳೆಯುವುದು ಸರಿಯೇ. ಅದರ ಜೊತೆಗೆ 'ಇದು ಹೇಗೆ ಜಿಗಿಯುತ್ತದೆ?' ಎಂದು ಅವರನ್ನೊಮ್ಮೆ ಕೇಳಿ ನೋಡಿ. ಎಂ.ಐ.ಟಿ.ಯಲ್ಲಿ ರೂಪುಗೊಂಡು 2007ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿರುವ 'ಸ್ಕ್ರ್ಯಾಚ್' ಎಂಬ ತಂತ್ರಾಂಶವಿದೆ. ಅದರಲ್ಲಿ ಶಾಲಾಮಕ್ಕಳೂ ಜಿಗಿತದ ಆಟ ಕಟ್ಟಬಹುದು. ಇನ್ನೊಬ್ಬರು ಹಂಚಿದ ಆಟವನ್ನು ತೆಗೆದುಕೊಂಡು ಬದಲಿಸಲು ಅಲ್ಲಿ ಅನುಮತಿಯಿದೆ, ಮೂಲ ಕರ್ತೃವಿನ ಹೆಸರು ಜೊತೆಯಲ್ಲೇ ಉಳಿಯುತ್ತದೆ. ಗುರುತ್ವದ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೆ ನಾಯಕ ಎಷ್ಟು ಎತ್ತರ ಹಾರಿಯಾನು? ಮೊದಲು ಹಾಳೆಯ ಮೇಲೆ ಲೆಕ್ಕ ಮಾಡಿ, ಆಮೇಲೆ ತೆರೆಯ ಮೇಲೆ ಹಾರಿಸಿ ನೋಡಲಿ.